ಆಟದೊಳಗೆ ಬಂದ ಸುದ್ದಿ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ, ಜರ್ಮನಿಯ ಪಾದ್ರಿ ಮೋಗ್ಲಿಂಗ್ ಅವರಿಂದ. ಹದಿನೈದು ದಿನಕ್ಕೊಂದು ಸಂಚಿಕೆ. ಓದು ಬಲ್ಲವರಿಗೆ ಅದಾಯಿತು. ಹಾಗಾದರೆ ಓದು ಬಾರದ ನಮ್ಮ ಹಿರಿಯರು ಸುದ್ದಿಯಿಲ್ಲದೆ ಬದುಕಿದರೇ? ನಾನು ಒಪ್ಪುವುದಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ವರ್ಷಗಟ್ಟಲೆ ಕೂತವನು ನಾನು. ಊರ ಸುದ್ದಿ ಹೇಳದೆ ರೊಕ್ಕ ಎಣಿಸಿಕೊಂಡು ಹೋದವರು ಕಡಿಮೆ. ಅಂಥ ಸುದ್ದಿಯನ್ನು ಊರಿಂದೂರಿಗೆ ಹೊತ್ತವರಲ್ಲಿ ಆಟದವರೂ ಇದ್ದರು.

ಬೆಳಗಾವಿ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನೇ ನೋಡಿ. ಅದು ಪುರಾಣವಲ್ಲ, ಬೈಲಹೊಂಗಲದ ಕಡೆ ನಡೆದ ಕೊಲೆಯ ಸಂಗತಿ. ರಾಮ, ಕೃಷ್ಣರು ನಿಲ್ಲುತ್ತಿದ್ದ ಜಾಗದಲ್ಲಿ ಸಂತೆಯಲ್ಲಿ ಕಾಣುವಂಥ ಮನುಷ್ಯರು ಬಂದು ನಿಂತರು. ಯಾರು, ಯಾರನ್ನು, ಯಾಕೆ ಕೊಂದರು? ಪತ್ರಿಕೆಯವರು ಕೇಳುವುದೂ ಇದನ್ನೇ. ದೊಡ್ಡಾಟದ ಸಾರಥಿಯೂ ಬಂದ ಪಾತ್ರವನ್ನು ತಡೆದು ಹೆಸರು, ಊರು, ಬಂದ ಕಾರಣ ವಿಚಾರಿಸುತ್ತಾನಲ್ಲ!

ದೂರದ ಲಂಡನ್ನಿನಲ್ಲೂ ಹೀಗೇ. ಅಚ್ಚಾದ ಸುದ್ದಿಹಾಳೆಗಳು ಅಲ್ಲಿ ಬರತೊಡಗಿದ್ದು 1620ರ ಆಸುಪಾಸು. 1626ರಲ್ಲೇ ಬೆನ್ ಜಾನ್ಸನ್ ಎಂಬ ನಾಟಕಕಾರ ಸುದ್ದಿ ಮಾರುವ ಅಂಗಡಿಯನ್ನು ರಂಗದ ಮೇಲೆ ತಂದ. ಬೆಣ್ಣೆ ಮಾರುವ ಹೆಂಗಸೊಬ್ಬಳು ಬಂದು, ತನ್ನೂರ ಪಾದ್ರಿಗೆ ಒಯ್ಯಲು ನಾಲ್ಕು ಪೆನ್ಸಿನ ಸುದ್ದಿ ಕೊಡಿ ಎನ್ನುತ್ತಾಳೆ, ಯಾವುದಾದರೂ ಸರಿ! ನಕ್ಕ ಜನ ಮರುದಿನ ಹಾಳೆಯನ್ನು ಸ್ವಲ್ಪ ಅನುಮಾನದಿಂದಲೇ ಹಿಡಿದಿರಬೇಕು.

ನಮ್ಮ ದೇಶದಲ್ಲಿ ನಗುವಿಗಿಂತ ಭಯ ಹೆಚ್ಚಾಯಿತು. ನೀಲಿ ಬೆಳೆಯುವ ರೈತರ ಗೋಳನ್ನು ಹೇಳಿದ ಬಂಗಾಳಿ ನಾಟಕ ‘ನೀಲದರ್ಪಣ’ 1860ರದು. ಅದರ ಇಂಗ್ಲಿಷ್ ಅನುವಾದ ಅಚ್ಚು ಮಾಡಿಸಿದ್ದಕ್ಕೆ ಜೇಮ್ಸ್ ಲಾಂಗ್ ಎಂಬ ಪಾದ್ರಿಗೆ 1861ರಲ್ಲಿ ಒಂದು ತಿಂಗಳ ಜೈಲು, 1000 ರೂಪಾಯಿ ದಂಡ. ನಾಟಕ ತಡೆಯುವ ಕಾಯಿದೆ 1876ರಲ್ಲಿ ಬಂತು. ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ 1878ರಲ್ಲಿ. ನಡುವೆ ಎರಡೇ ವರ್ಷ. ಆಳುವವರಿಗೆ ಎರಡೂ ಒಂದೇ ಜಾತಿಯವೆಂದು ಕಂಡಿತ್ತು.

ಇನ್ನು ಬುರ್ರಕಥೆ. ನಾರಾಯಣಖೇಡ, ಜಹೀರಾಬಾದ್, ತಾಂಡೂರಿನ ನಿಮಗೆ ನಾನು ಹೇಳಿಕೊಡಬೇಕೇ? ನಡುವೆ ತಂಬೂರಿ ಹಿಡಿದ ಕಥೆಗಾರ, ಎರಡೂ ಬದಿಗೆ ಒಬ್ಬೊಬ್ಬ ವಂತ. ಒಬ್ಬನದು ಹಾಸ್ಯ. ಇನ್ನೊಬ್ಬ ರಾಜಕೀಯ ವಂತ: ಕಥೆ ಎಷ್ಟೇ ಹಳೆಯದಿರಲಿ, ನಡುವೆ ಬಾಯಿ ಹಾಕಿ ಇಂದಿನ ಮಾತು ತರುವುದೇ ಅವನ ಕೆಲಸ. 1940ರ ದಶಕದಲ್ಲಿ ತೆಲಂಗಾಣದ ರೈತ ಹೋರಾಟದ ಸುದ್ದಿ ಈ ಬಾಯಿಗಳಿಂದಲೂ ಹಳ್ಳಿ ಸೇರಿತು. 1947ರಲ್ಲಿ ಸುಂಕರ ಸತ್ಯನಾರಾಯಣ, ವಾಸಿರೆಡ್ಡಿ ಭಾಸ್ಕರರಾವ್ ಸೇರಿ ‘ಮಾ ಭೂಮಿ’ ನಾಟಕ ಬರೆದರು. ಭೂಮಿಗಾಗಿ ದೇಶಮುಖನನ್ನು ಎದುರಿಸಿ ಪ್ರಾಣ ಕಳೆದುಕೊಂಡ ಶೇಖ್ ಬಂದಗಿಯ ಸಂಗತಿ ಅದಕ್ಕೆ ಪ್ರೇರಣೆ. ಮದ್ರಾಸ್ ಸರಕಾರ ಆ ನಾಟಕವನ್ನು ನಿಷೇಧಿಸಿತು. ಮುಂದೆ ಸರಕಾರವೇ ಬುರ್ರಕಥೆಯವರನ್ನು ಕರೆಸಿ, ಕುಟುಂಬ ಯೋಜನೆಯ ವಿಷಯವನ್ನು ಊರೂರಿಗೆ ಹೇಳಿಸಿತು.