ನಿಧಾನಗಣ್ಣಿನ ಒಂಬತ್ತು ಮನೆತನಗಳು

ಮಳೆಗಾಲದ ಗಾಳಿಗೆ ಗುಡವಿಯ ಕೆರೆಯಂಚಿನ ಮರದ ಕೊಂಬೆ ತೂಗಿದರೆ ಅದರ ಮೇಲೆ ಕುಳಿತ ಬೆಳ್ಳಕ್ಕಿಯ ಮೈಯೂ ತೂಗುತ್ತದೆ. ತಲೆ ಮಾತ್ರ ಮೊಳೆ ಹೊಡೆದಂತೆ ನಿಂತಿರುತ್ತದೆ. ನೋಟ ಕದಲದಿರಲೆಂದು ಹಕ್ಕಿ ಕತ್ತಿನಿಂದ ಮಾಡುವ ಕೆಲಸವನ್ನು ನಾವು ಹೆಚ್ಚಾಗಿ ಕಣ್ಣಿನಿಂದಲೇ ಮಾಡುತ್ತೇವೆ. ಆ ಲೆಕ್ಕ ತಿದ್ದುವುದು ತಲೆಯ ಹಿಂಬದಿಯ ಕಿರುಮೆದುಳು.

ಅದರ ಚರಿತ್ರೆಯಲ್ಲೂ ಮೊದಲು ಸಿಗುವುದು ಹಕ್ಕಿಯೇ. ಫ್ರಾನ್ಸಿನ ಫ್ಲೂರಾನ್ಸ್ 1820ರ ದಶಕದಲ್ಲಿ ಪಾರಿವಾಳಗಳ ಕಿರುಮೆದುಳನ್ನು ಪದರಪದರವಾಗಿ ತೆಗೆದು ನೋಡಿದ. ಅವಕ್ಕೆ ಕಾಣುತ್ತಿತ್ತು, ಕೇಳುತ್ತಿತ್ತು, ಹಾರುವ ಮನಸ್ಸೂ ಇತ್ತು. ಹೊಂದಿಕೆ ಮಾತ್ರ ಹೋಗಿತ್ತು. ಓದುವಾಗ ಕರುಳು ಚುರ್ ಎನ್ನುತ್ತದೆ. ಮನುಷ್ಯರ ಸರದಿ ಮೊದಲ ಮಹಾಯುದ್ಧದಲ್ಲಿ ಬಂತು. ತಲೆಯ ಹಿಂದೆ ಗುಂಡೇಟು ತಿಂದ ಸೈನಿಕರನ್ನು ಕಂಡ ಗಾರ್ಡನ್ ಹೋಮ್ಸ್ 1917ರಲ್ಲಿ ಕೈಕಾಲಿನ ತಪ್ಪುಗಳ ಜೊತೆಗೆ ಕಣ್ಣಿನ ಅದುರನ್ನೂ ದಾಖಲಿಸಿದ.

ನಮ್ಮ ದೇಶದ ಅಧ್ಯಾಯಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. 1971ರಲ್ಲಿ ಮುಂಬಯಿಯ ನೋಶಿರ್ ವಾಡಿಯಾ ಮತ್ತು ಸ್ವಾಮಿ 'ಬ್ರೇನ್' ಪತ್ರಿಕೆಯಲ್ಲಿ ಒಂಬತ್ತು ಕುಟುಂಬಗಳ ಕಾಯಿಲೆಯನ್ನು ವಿವರಿಸಿದರು. ಕುಡಿಯದವರೂ ಕುಡಿದವರಂತೆ ತೂರಾಡುವ ಈ ಬಗೆಯ ನಡಿಗೆ ವೈದ್ಯರಿಗೆ ಹೊಸದಲ್ಲ. ಹೊಸದು ಕಣ್ಣು. ಈ ಸಾಲಿನಿಂದ ಮುಂದಿನ ಸಾಲಿಗೆ ನಿಮ್ಮ ಕಣ್ಣು ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯದೆ ಜಿಗಿಯುತ್ತದೆ. ಅವರ ಕಣ್ಣು ಜಿಗಿಯುತ್ತಿರಲಿಲ್ಲ, ತೆವಳುತ್ತಿತ್ತು. ಇಂಥವರು ಪಕ್ಕಕ್ಕೆ ನೋಡಲು ರೆಪ್ಪೆ ಬಡಿದೋ ಕತ್ತು ತಿರುಗಿಸಿಯೋ ದಾರಿ ಕಂಡುಕೊಳ್ಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಕಿರುಮೆದುಳೊಂದೇ ಸವೆದರೆ ಜಿಗಿತದ ವೇಗ ಬಹುಮಟ್ಟಿಗೆ ಉಳಿಯುತ್ತದೆ, ಗುರಿ ತಪ್ಪುತ್ತದೆ: ಕಣ್ಣು ಗುರಿ ದಾಟಿ ಹೋಗುತ್ತದೆ, ಇಲ್ಲವೇ ಮುಟ್ಟದೆ ನಿಂತು ಮತ್ತೆ ಹೊರಡುತ್ತದೆ. ವೇಗ ಹುಟ್ಟುವುದು ಮಿದುಳಿನ ಕಾಂಡದ ನರಕೋಶಗಳಲ್ಲಿ. ಅಂದರೆ ನಿಧಾನಗಣ್ಣು ಹೇಳುತ್ತಿದ್ದದ್ದು, ಸವೆತ ಕಿರುಮೆದುಳನ್ನು ದಾಟಿದೆ ಎಂದು. ಸಿ.ಟಿ. ಸ್ಕ್ಯಾನ್ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯೊಳಗೆ ಇಣುಕಿದ್ದೂ 1971ರಲ್ಲೇ. ಕಣ್ಣಿನ ಈ ಪರೀಕ್ಷೆಗೆ ವೈದ್ಯರ ಎರಡು ಬೆರಳು ಸಾಕು. ಅತ್ತ ನೋಡಿ, ಇತ್ತ ನೋಡಿ.

1996ರಲ್ಲಿ ಎಸ್.ಸಿ.ಎ.2 ಎಂಬ ರೋಗದ ಜೀನ್ ಸಿಕ್ಕಿತು. ಭಾರತದ ನಿಧಾನಗಣ್ಣಿನ ಕುಟುಂಬಗಳಲ್ಲಿರುವುದು ಅದೇ ಎಂದು ವಾಡಿಯಾ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ರಕ್ತಪರೀಕ್ಷೆ ಇದೆ, ಗುಣಪಡಿಸುವ ಮದ್ದಿಲ್ಲ. ಇಪ್ಪತ್ತೈದರ ಮಗಳು ಪರೀಕ್ಷೆ ಮಾಡಿಸಿಕೊಳ್ಳಬೇಕೇ, ಮದುವೆಗೆ ಮೊದಲೇ ಹೇಳಬೇಕೇ?

ವಂಶವೃಕ್ಷ ಬರೆಯುವಾಗ ವೈದ್ಯರು ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕುತ್ತಾರೆ. ರೋಗ ಬಂದರೆ ಕಪ್ಪು ತುಂಬುತ್ತಾರೆ. ಅವಳದು ಇನ್ನೂ ಖಾಲಿ ವೃತ್ತ.