ನೆನಪು ನೆಲೆಸುವ ಸಂಧಿ

ನಮ್ಮ ಪಾಪಿನಾಯಕನಹಳ್ಳಿಯಿಂದ ಬಳ್ಳಾರಿಯ ಕಡೆಗೆ ಸಾಗುವ ರೈಲುಹಾದಿಯಲ್ಲಿ ದರೋಜಿ ಸಿಗುತ್ತದೆ. ಬುರ್ರಕಥೆಯ ಈರಮ್ಮನವರ ಊರು ಅದು. 2014ರಲ್ಲಿ ತೀರಿಕೊಂಡ ಆ ತಾಯಿ ಅಕ್ಷರ ಬಲ್ಲವರಾಗಿರಲಿಲ್ಲ. ಆದರೂ ಹನ್ನೆರಡು ಜನಪದ ಕಾವ್ಯಗಳು ಅವರಿಗೆ ಕಂಠಸ್ಥವಾಗಿದ್ದವು; ಅಚ್ಚಿಗೆ ಇಳಿಸಿದರೆ ಸುಮಾರು 7,000 ಪುಟಗಳು. ಬರಹದ ಆಸರೆಯಿಲ್ಲದೆ ಇಷ್ಟೊಂದು ಮಾತು ದೇಹದಲ್ಲಿ ಎಲ್ಲಿ, ಹೇಗೆ ನಿಲ್ಲುತ್ತದೆ? ವಿಜ್ಞಾನವು ಈ ಪ್ರಶ್ನೆಯ ಬೆನ್ನುಹತ್ತಿದ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ನಿವೇದಿಸುತ್ತೇನೆ.

ಮಿದುಳು ಒಂದೇ ಎಳೆಯ ಬಲೆಯಲ್ಲ, ಬಿಡಿಬಿಡಿಯಾದ ನರಕೋಶಗಳ ಸಮುದಾಯ ಎಂದು ತೋರಿಸಿದವರು ಸ್ಪೇನಿನ ಕಾಹಾಲ್. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಾತನಾಡುತ್ತ, ಅಭ್ಯಾಸದಿಂದ ಈ ಕೋಶಗಳ ಕವಲುಗಳೂ ಸಂಪರ್ಕಗಳೂ ಬೆಳೆಯುತ್ತವೆಂದು ಅವರು ಊಹಿಸಿದರು. ಕೋಶಗಳು ಕೂಡುವ ಸಂಧಿಗೆ 1897ರಲ್ಲಿ ಇಂಗ್ಲೆಂಡಿನ ಷೆರಿಂಗ್‌ಟನ್ 'ಸಿನಾಪ್ಸ್' ಎಂಬ ಹೆಸರನ್ನು ಬಳಕೆಗೆ ತಂದರು. ಒಂದು ಕೋಶ ಇನ್ನೊಂದನ್ನು ಮತ್ತೆಮತ್ತೆ ಪ್ರಚೋದಿಸಿದರೆ ಅವುಗಳ ನಡುವಣ ಸಂಧಿ ಬಲಗೊಳ್ಳುತ್ತದೆಂದು ಕೆನಡಾದ ಹೆಬ್ 1949ರಲ್ಲಿ ಪ್ರತಿಪಾದಿಸಿದರು.

ಪ್ರತ್ಯಕ್ಷ ಸಾಕ್ಷ್ಯ ಪ್ರಕಟವಾದದ್ದು 1973ರಲ್ಲಿ. ಬ್ಲಿಸ್ ಮತ್ತು ಲೋಮೊ ಎಂಬಿಬ್ಬರು ಮೊಲದ ಮಿದುಳಿನಲ್ಲಿ, ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹೋಗುವ ನರತಂತುಗಳಿಗೆ ಬಿರುಸಾದ ವಿದ್ಯುತ್ ಮಿಡಿತಗಳನ್ನು ಕೊಟ್ಟರು. ಆಮೇಲೆ ಮೊದಲಿನಷ್ಟೇ ಸಣ್ಣ ಮಿಡಿತಕ್ಕೂ ದೊಡ್ಡ ಪ್ರತಿಕ್ರಿಯೆ ಬಂತು. ಆ ಹೆಚ್ಚಳ ಗಂಟೆಗಟ್ಟಲೆ ಉಳಿಯಿತು. ಬಲವಾದ ಪ್ರಚೋದನೆ ಬಂದಾಗ ಸಂಧಿಯ ಆಚೆಯ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಸಂದೇಶವನ್ನು ಹಿಡಿಯುವ ಗ್ರಾಹಕಗಳು ಅಲ್ಲಿ ಹೆಚ್ಚುತ್ತವೆ. ಇದು ಆನಂತರ ತಿಳಿದ ಸಂಗತಿ.

ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್, ರಾಜು, ಮೇಟಿ ಇವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಸುಖಕೇಂದ್ರವನ್ನು ತಾವೇ ಪ್ರಚೋದಿಸಿಕೊಳ್ಳಲು ಕಲಿತ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಸಂಧಿಗಳ ದಟ್ಟಣೆ ಹೆಚ್ಚಿತ್ತು. ನಿಮ್ಹಾನ್ಸ್ ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಕೂಡಿ 2002ರಲ್ಲಿ ಇದರ ಇನ್ನೊಂದು ಮುಖವನ್ನು ಕಂಡರು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದ ಇಲಿಗಳಲ್ಲಿ ಹಿಪೊಕ್ಯಾಂಪಸ್‌ನ ಕೋಶಗಳ ಕವಲುಗಳು ಕುಗ್ಗಿದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದ ಕೋಶಗಳ ಕವಲುಗಳು ಬೆಳೆದವು.

ಇಲಿಗಳ ವಿಷಯವನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ಮಗ್ಗಿಯನ್ನು ರಾಗವಾಗಿ ಹೇಳಿಸುವ ಉಪಾಧ್ಯಾಯರಿಗೂ ಬೆತ್ತ ಹಿಡಿದು ಹೇಳಿಸುವವರಿಗೂ ಇರುವ ಅಂತರ ಸಾಮಾನ್ಯವಾದದ್ದಲ್ಲವೆಂದು ನನಗೆ ತೋರುತ್ತದೆ. ಪುನರಾವರ್ತನೆ ಎರಡು ಕಡೆಯೂ ಉಂಟು. ಬೆತ್ತದೆದುರು ನಿಂತ ಮಗುವಿನ ಮಿದುಳಿನಲ್ಲಿ ಬಲಗೊಳ್ಳುವುದು ಮಗ್ಗಿಗಿಂತ ಮೊದಲು ಅಂಜಿಕೆಯೇ ಇದ್ದೀತು. ಈರಮ್ಮನವರಿಗೆ ಕಥೆಗಳನ್ನು ಕಲಿಸಿದವರು ಅವರ ತಂದೆ, ಅದೂ ಹಾಡಿನ ಮೂಲಕ. ನಮ್ಮ ಶಾಲೆಗಳು ಗಮನಿಸಬೇಕಾದ ಮಾತಿದು.