ಗಾಳಿಗೆ ಕಾದವರು, ಕಾಯದೆ ಹೋದವರು

ಊರಲ್ಲಿ ಯಾರಾದರೂ ಪ್ರವಾಸ ಹೊರಟರೆ ಈಗ ಮೊದಲು ನೋಡುವುದು ಫೋನು. ಥಾಯ್ಲೆಂಡಿಗೆ ಯಾವ ತಿಂಗಳು ಒಳ್ಳೆಯದು, ಶ್ರೀಲಂಕಾಕ್ಕೆ ಯಾವ ತಿಂಗಳು, ದುಬೈಗೆ ಯಾವ ತಿಂಗಳು ಅಂತ ಕೇಳಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ. ಸೀಸನ್ನಿನಲ್ಲಿ ಟಿಕೆಟ್ ದುಬಾರಿ, ಆಫ್ ಸೀಸನ್ನಿನಲ್ಲಿ ಅಗ್ಗ, ಲೆಕ್ಕ ಅಷ್ಟೇ. ತಪ್ಪು ತಿಂಗಳಲ್ಲಿ ಹೋದರೆ ಹೆಚ್ಚೆಂದರೆ ಮಳೆಯಲ್ಲಿ ನೆನೆದು, ಲಾಡ್ಜಿನಲ್ಲಿ ಕೂತು, ದುಡ್ಡು ಹೋಯಿತು ಅಂತ ಗೊಣಗಿಕೊಂಡು ವಾಪಸ್ ಬರುತ್ತೇವೆ.

ಆರುನೂರು ವರ್ಷದ ಹಿಂದೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕರೆ ಹೆಣ ಬೀಳುತ್ತಿತ್ತು. ಅದರಲ್ಲೂ ತಿಂಗಳು ಗೊತ್ತುಮಾಡಿದವರು ಒಬ್ಬರು, ಸತ್ತವರು ಇನ್ನೊಬ್ಬರು. ಆ ಕಥೆಯ ಅರ್ಧ ನಮ್ಮ ಕರಾವಳಿಯಲ್ಲಿ, ಹಂಪಿಯಲ್ಲಿ ನಡೆದದ್ದು. ಅದಕ್ಕೇ ಈ ಬಾರಿ ನಾವು ಅದನ್ನೇ ಬರೆಯುತ್ತಿದ್ದೇವೆ.

ಮೊದಲು ಗಾಳಿಯ ವಿಷಯ. ಬೇಸಿಗೆಯಲ್ಲಿ ಏಷ್ಯಾದ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ತೇವದ ಗಾಳಿ ನುಗ್ಗಿ ಬರುತ್ತದೆ. ಅದೇ ನಮ್ಮ ಮುಂಗಾರು, ನೈರುತ್ಯದಿಂದ ಬರುವುದು. ಚಳಿಗಾಲದಲ್ಲಿ ನೆಲ ತಣ್ಣಗಾದ ಮೇಲೆ ಗಾಳಿ ತಿರುಗಿ ಈಶಾನ್ಯದಿಂದ ಸಮುದ್ರದ ಕಡೆ ಬೀಸುತ್ತದೆ. ಹಾಯಿ ಹಡಗಿನವನಿಗೆ ಇದರ ಅರ್ಥ ಬಹಳ ಸರಳ. ಅರಬ್ ದೇಶದಿಂದ ಇಲ್ಲಿಗೆ ಬರಲು ಒಂದು ಗಾಳಿ, ಇಲ್ಲಿಂದ ಹಿಂದಿರುಗಲು ಇನ್ನೊಂದು ಗಾಳಿ, ನಡುವೆ ಕಾಯುವುದು. ಮುಂಗಾರು ಜೋರಾದ ಜೂನ್, ಜುಲೈನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳು ಬಂದ್. ಹಾಗಾಗಿ ಆ ಗಾಳಿ ಜೋರಾಗುವ ಮುಂಚೆ ಬರಬೇಕು, ಇಲ್ಲವಾದರೆ ಅದು ಇಳಿಯುವ ಹೊತ್ತಿಗೆ ಬರಬೇಕು. ಇವತ್ತಿಗೂ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲಿ ಅಂತ ಮಾಡಿದ ನಿಯಮ ಅದು, ಆದರೆ ತಿಂಗಳು ಮಾತ್ರ ಹಳೆಯ ನಾವಿಕರು ಹೆದರುತ್ತಿದ್ದ ತಿಂಗಳುಗಳೇ.

ಮಾನ್ಸೂನ್ ಅನ್ನುವ ಪದ ಇಂಗ್ಲಿಷಿನವರದ್ದು ಅಂತ ಅನೇಕರು ತಿಳಿದಿದ್ದಾರೆ. ಮೂಲ ಅರಬ್ಬಿಯ ‘ಮೌಸಿಮ್’, ಅಂದರೆ ಕಾಲ, ಋತು. ಹಿಂದಿಯ ಮೌಸಮ್ ಕೂಡ ಅದೇ ಬೇರಿನದು. ಮಳೆ ಅಂತ ಆ ಪದಕ್ಕೆ ಅರ್ಥವೇ ಇರಲಿಲ್ಲ, ಹೊರಡುವ ಕಾಲ ಅಂತ ಇತ್ತು. 15ನೇ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್ ಯಾವ ಬಂದರಿನಿಂದ ಯಾವಾಗ ಹೊರಡಬೇಕು ಅಂತ ಬರೆದಿಟ್ಟಿದ್ದಾನೆ. ಆ ನಾವಿಕರು ಇಂಥ ತಿಂಗಳು ಅಂತ ಹೇಳುತ್ತಿರಲಿಲ್ಲ, ನೈರೂಜ್ ಎಂಬ ಹೊಸ ವರ್ಷದಿಂದ ಇಷ್ಟನೇ ದಿನ ಅಂತ ಎಣಿಸುತ್ತಿದ್ದರು. ಚಂದ್ರನ ಲೆಕ್ಕದ ತಿಂಗಳು ಪ್ರತಿ ವರ್ಷ ಜರುಗುತ್ತದೆ, ಗಾಳಿ ಹಾಗೆ ಜರುಗುವುದಿಲ್ಲ, ಅದಕ್ಕೆ. ನಮ್ಮ ಕಡೆ ಹಿರಿಯರು ಬಿತ್ತನೆಗೆ ಜೂನ್ ಅನ್ನುವುದಿಲ್ಲ, ಮೃಗಶಿರಾ ಮಳೆ, ಆರಿದ್ರಾ ಮಳೆ ಅನ್ನುತ್ತಾರಲ್ಲ, ಅದೇ ತರ್ಕ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಕಣದ ರೈತನಿಗೆ ಹೇಗೋ ಬಂದರಿನ ನಾವಿಕನಿಗೂ ಹಾಗೆಯೇ.

ಈಗ ಕಥೆಗೆ ಬರೋಣ. 1442ರಲ್ಲಿ ಹೆರಾತ್ ನಗರದಿಂದ, ಅಂದರೆ ಇಂದಿನ ಅಫ್ಘಾನಿಸ್ತಾನದಿಂದ, ಅಬ್ದುರ್ ರಜಾಕ್ ಎಂಬ ರಾಯಭಾರಿ ಹೊರಟ. ಕಳಿಸಿದವನು ತೈಮೂರನ ಮಗ ಶಾರೂಖ್ ದೊರೆ. ಹಂಪಿಯ ವರ್ಣನೆ ಓದುವಾಗ ನಮಗೆಲ್ಲ ಶಾಲೆಯ ಪಠ್ಯದಲ್ಲಿ ಸಿಕ್ಕ ಅದೇ ಅಬ್ದುರ್ ರಜಾಕ್. ಪಠ್ಯದಲ್ಲಿ ಅವನು ಸೀದಾ ವಿಜಯನಗರಕ್ಕೆ ಬಂದು ಇಳಿದುಬಿಡುತ್ತಾನೆ. ಬಂದದ್ದು ಹೇಗೆ ಅಂತ ಯಾವ ಮೇಷ್ಟರೂ ನಮಗೆ ಹೇಳಿರಲಿಲ್ಲ.

ಅವನು ಹೊರ್ಮುಜ್ ಬಂದರಿಗೆ ಬಂದಾಗ ಕಾಲ ಇನ್ನೂ ಮೀರಿರಲಿಲ್ಲ. ಆದರೆ ಅಲ್ಲಿ ಹಡಗು ಬಿಡುವ ಅಧಿಕಾರ ಇದ್ದವರು ಒಂದಲ್ಲ ಒಂದು ನೆಪ ಹೇಳಿ ತಡ ಮಾಡಿದರು. ಇವತ್ತು ಬಾ, ನಾಳೆ ಬಾ ಅನ್ನುವ ಕಚೇರಿಗಳು ಆಗಲೂ ಇದ್ದವು ಅನ್ನಿ. ಕೊನೆಗೆ ಹತ್ತಿಸಿದ್ದು ಗಾಳಿಯ ಕಾಲ ಮುಗಿಯುತ್ತ ಬಂದಾಗ. ಜನ, ಕುದುರೆ ಎಲ್ಲ ಒಂದೇ ಹಡಗಿನಲ್ಲಿ ಹಿಡಿಯದೆ ಬೇರೆ ಬೇರೆ ಹಡಗಿಗೆ ಹಂಚಿದರು. ರಾಯಭಾರಿ ಹಿಂದೆಂದೂ ಸಮುದ್ರ ಹತ್ತಿದವನಲ್ಲ. ಹಡಗಿನ ವಾಸನೆಗೇ ಪ್ರಜ್ಞೆ ತಪ್ಪಿ, ಮೂರು ದಿನ ಉಸಿರೊಂದು ಬಿಟ್ಟರೆ ಬದುಕಿರುವ ಗುರುತೇ ಇರಲಿಲ್ಲ ಅಂತ ತಾನೇ ಬರೆದುಕೊಂಡಿದ್ದಾನೆ.

ಮಸ್ಕತ್ ತಲುಪಿದಾಗ ಜೊತೆಯಲ್ಲಿದ್ದ ವ್ಯಾಪಾರಿಗಳು ಕೈಚೆಲ್ಲಿದರು. ಕಾಲ ಮೀರಿದೆ, ಈಗ ಸಮುದ್ರಕ್ಕೆ ಇಳಿದರೆ ಸತ್ತವನ ಸಾವಿಗೆ ಅವನೇ ಹೊಣೆ ಅಂದರು. ಅವರು ಬುದ್ಧಿವಂತರು, ಸರಕು ಇಳಿಸಿಕೊಂಡು ಚದುರಿ ಹೋದರು. ವ್ಯಾಪಾರಿಗೆ ಮುಂದಿನ ವರ್ಷ ಇದೆ. ದೊರೆಯ ಅಪ್ಪಣೆ ಹೊತ್ತವನು ಎಲ್ಲಿಗೆ ಹೋಗಬೇಕು? ಒಮಾನ್ ಕರಾವಳಿಯಲ್ಲೇ ಕೂತ. ಮೇ ತಿಂಗಳ ಬಿಸಿಲು. ಎಲುಬಿನೊಳಗಿನ ಮಜ್ಜೆ ಕುದಿಯುವಂಥ ಸೆಕೆ ಅಂತ ಆತ ವರ್ಣಿಸುತ್ತಾನೆ. ಅವನಿಗೆ, ಅವನ ಅಣ್ಣನಿಗೆ, ಜೊತೆಗಾರರಿಗೆ ಜ್ವರ ಹಿಡಿಯಿತು. ತಿಂಗಳುಗಟ್ಟಲೆ ಬಿಡಲಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ಗಾಳಿ ಬದಲಾದೀತೆಂದು ಹೋಗಿ ನೋಡಿದರು. ಅಣ್ಣ ಅಲ್ಲಿಯೇ ತೀರಿಹೋದ.

ಅಣ್ಣನನ್ನು ಮಣ್ಣು ಮಾಡಿ ಈತ ಕಲ್ಹಾತ್ ಬಂದರಿನಿಂದ ಹಡಗು ಹತ್ತಿದ. ಈ ಸಲ ಗಾಳಿ ಸರಿಯಾಗಿತ್ತು. ಎಷ್ಟು ದಿನ ಬೇಕಾಯಿತು ಗೊತ್ತೇ? 18 ದಿನ. 18 ದಿನದ ದಾರಿಗೆ ಹೊರ್ಮುಜ್‌ನ ಕೆಲವು ವಾರಗಳ ತಡ ಒಂದು ಜೀವ ತೆಗೆಯಿತು.

ಕಲ್ಲಿಕೋಟೆಯಲ್ಲಿ ತಿಂಗಳುಗಟ್ಟಲೆ ಇದ್ದ. ಅಲ್ಲಿಂದ ವಿಜಯನಗರದ ಇಮ್ಮಡಿ ದೇವರಾಯನ ಕರೆ ಬಂದು, ಸಮುದ್ರ ಮಾರ್ಗವಾಗಿ ಮಂಗಳೂರಿಗೆ, ಅಲ್ಲಿಂದ ಘಟ್ಟ ಹತ್ತಿ ಬೇಲೂರು ದಾಟಿ 1443ರ ಏಪ್ರಿಲ್ ಕೊನೆಯ ಹೊತ್ತಿಗೆ ಹಂಪಿ ಸೇರಿದ. ಮಳೆಗಾಲ ಪೂರ್ತಿ ಅಲ್ಲೇ. ಅವನು ಮಹಾನವಮಿಯ ಉತ್ಸವ ಕಂಡು ಬರೆದದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ವರ್ಣನೆ ನಮಗೆ ಸಿಕ್ಕಿದ್ದು ಮಹಾನವಮಿ ಮಳೆ ಇಳಿಯುವ ಹೊತ್ತಿಗೆ ಬರುವುದರಿಂದ, ಅದಕ್ಕಿಂತ ಮುಂಚೆ ಅವನು ಮನೆಗೆ ಹೊರಡುವಂತೆಯೇ ಇರಲಿಲ್ಲ. ದಸರಾ ನೋಡಲು ಜನ ದೂರದಿಂದ ಬರುವುದಕ್ಕೂ ಇದೇ ಕಾರಣ ಇದ್ದಿರಬೇಕು ಅಂತ ನಮ್ಮ ಅಂದಾಜು. ಮಳೆ ನಿಂತಿರುತ್ತದೆ, ದಾರಿ ಗಟ್ಟಿಯಾಗಿರುತ್ತದೆ, ಕೆರೆ ತುಂಬಿರುತ್ತದೆ.

ವಾಪಸ್ ಹೋಗುವಾಗ ಅವನು ಪಾಠ ಕಲಿತಿದ್ದ. ಚಳಿಗಾಲದಲ್ಲಿ ಬಾರ್ಕೂರಿಗೆ ಇಳಿದು, ನಂತರ ಹೊನ್ನಾವರದಲ್ಲಿ ಹಡಗು ಸಿದ್ಧಮಾಡಿಕೊಂಡು ಹೊರಟ. ಹೊನ್ನಾವರದಿಂದ ಹೊರ್ಮುಜ್‌ಗೆ 65 ದಿನ ಹಿಡಿಯಿತು. ಬಿರುಗಾಳಿಯೂ ಸಿಕ್ಕಿತು, ಆದರೆ ಮನೆ ಸೇರಿದ.

ಹೊನ್ನಾವರ ಅಂದಾಗ ಇನ್ನೊಬ್ಬನ ನೆನಪು ಬರುತ್ತದೆ. ಅಬ್ದುರ್ ರಜಾಕ್‌ಗಿಂತ ನೂರು ವರ್ಷ ಮುಂಚೆ ಇಬ್ನ್ ಬತೂತಾ ಇದೇ ದಾರಿಯಲ್ಲಿ ಬಂದಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಅಂತ ಎಣಿಸಿ ಬರೆದವನು ಅವನೇ. ದೆಹಲಿ ಸುಲ್ತಾನನ ಉಡುಗೊರೆ ಹೊತ್ತು ಚೀನಾಕ್ಕೆ ಹೋಗಬೇಕಿತ್ತು. ಕಲ್ಲಿಕೋಟೆಯಲ್ಲಿ 13 ಚೀನೀ ಹಡಗುಗಳು ನಿಂತಿದ್ದವು, ಹೊರಡುವ ಕಾಲಕ್ಕೆ ಮೂರು ತಿಂಗಳು ಕಾದ. ಕಾದದ್ದು ಸರಿಯೇ. ಹೊರಡುವ ಹಿಂದಿನ ರಾತ್ರಿ ಬಿರುಗಾಳಿ ಎದ್ದು ಉಡುಗೊರೆಯ ಹಡಗು ದಡದಲ್ಲೇ ಒಡೆಯಿತು. ಹಡಗಿನಲ್ಲಿದ್ದವರು ಸತ್ತರು. ಇಬ್ನ್ ಬತೂತಾ ಶುಕ್ರವಾರದ ನಮಾಜಿಗೆಂದು ದಡದಲ್ಲಿ ಉಳಿದಿದ್ದ, ಹಾಗಾಗಿ ಬದುಕಿದ. ಕಾಲ ಸರಿಯಿದ್ದರೂ ಸಮುದ್ರ ಸಮುದ್ರವೇ.

ಈ ಕಾಯುವಿಕೆಯಿಂದ ಊರುಗಳೇ ಹುಟ್ಟಿದವು. ಮಲೇಷ್ಯಾದ ಮಲಕ್ಕಾ ಅದಕ್ಕೆ ದೊಡ್ಡ ಉದಾಹರಣೆ. ಭಾರತದ ಕಡೆಯ ಗಾಳಿ ಅಲ್ಲಿಗೆ ಮುಗಿಯುತ್ತದೆ, ಚೀನಾದ ಕಡೆಯ ಗಾಳಿ ಅಲ್ಲಿಂದ ಶುರು. ಒಂದೇ ಗಾಳಿಯಲ್ಲಿ ಪೂರ್ತಿ ದಾರಿ ಸಾಗದ ವ್ಯಾಪಾರಿಗಳು ಅಲ್ಲಿ ತಿಂಗಳುಗಟ್ಟಲೆ ಇಳಿದುಕೊಳ್ಳುತ್ತಿದ್ದರು. 16ನೇ ಶತಮಾನದ ಆರಂಭದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಲೇಖಕ ತೊಮೆ ಪಿರೇಸ್ ಆ ಊರಲ್ಲಿ 84 ಭಾಷೆ ಕೇಳಿಸುತ್ತದೆ ಅಂತ ಬರೆದ. ತಮಿಳು ವ್ಯಾಪಾರಿಗಳು ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆದ ಮಲಕ್ಕಾ ಚೆಟ್ಟಿ ಸಮುದಾಯ ಇಂದಿಗೂ ಅಲ್ಲಿದೆ, ಮಾತು ಮಲಯ, ಪೂಜೆ ಶಿವನಿಗೆ. ನಮ್ಮ ಭಟ್ಕಳದ ನವಾಯತರೂ ಅರಬ್ ವ್ಯಾಪಾರಿಗಳ ಪೀಳಿಗೆ ತಾವು ಅಂತ ಹೇಳಿಕೊಳ್ಳುತ್ತಾರೆ. ಹಿಂದಿರುಗುವ ಗಾಳಿಗೆ ಕಾಯುತ್ತ ಕೂತವರು ಹೀಗೆ ಊರಿನವರಾದರು.

ಕಾಯದೆ ಹೊರಟವನ ಕಥೆಯೂ ಇದೆ. ವಾಸ್ಕೋ ಡ ಗಾಮಾ 1498ರಲ್ಲಿ ಆಫ್ರಿಕಾದ ಮಲಿಂದಿಯಿಂದ ಕಲ್ಲಿಕೋಟೆಗೆ ಬಂದದ್ದು 23 ದಿನದಲ್ಲಿ, ಮುಂಗಾರು ಶುರುವಾಗುವ ಹೊತ್ತಿಗೆ. ಬಂದ ಮೇಲೆ ಸಾಮೂದಿರಿಯ ಜೊತೆ ಮನಸ್ತಾಪವಾಗಿ, ಆಗಸ್ಟ್ ಕೊನೆಯಲ್ಲೇ ಹೊರಟುಬಿಟ್ಟ. ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಕೆಲವು ದಿನ ನಿಂತು ಹಡಗು ದುರಸ್ತಿ ಮಾಡಿಕೊಂಡು, ಅಕ್ಟೋಬರ್ ಮೊದಲ ವಾರ ಸಮುದ್ರಕ್ಕೆ ಬಿದ್ದ. ಈಶಾನ್ಯದ ಗಾಳಿ ಇನ್ನೂ ಹಿಡಿದಿರಲಿಲ್ಲ. ಬರುವಾಗ 23 ದಿನದ ದಾರಿ, ಹೋಗುವಾಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆ. ತಾಜಾ ಕಾಯಿಪಲ್ಯ, ಹಣ್ಣು ಇಲ್ಲದೆ ವಸಡು ಬಾತು ಹಲ್ಲು ಮುಚ್ಚುವ ರೋಗ ಬಂತು. ಈಗ ಅದನ್ನು ಸಿ ವಿಟಮಿನ್ ಕೊರತೆ ಅನ್ನುತ್ತೇವೆ. ಆ ದಾಟುವಿಕೆಯಲ್ಲಿ 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡುವ ಶಕ್ತಿ ಉಳಿದವರು ಏಳೆಂಟು ಮಂದಿ. ಜನ ಸಾಲದೆ ಆಫ್ರಿಕಾ ಕರಾವಳಿಯಲ್ಲಿ ಒಂದು ಹಡಗನ್ನೇ ಸುಟ್ಟುಹಾಕಿದರು. ಗಾಮಾ ಊರಿಗೆ ಹೋಗಿ ಪದವಿ ಪಡೆದ. ಆ 30 ಜನರನ್ನು ಯಾರು ನೆನೆಯುತ್ತಾರೆ?

ಕುದುರೆಯ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ವಿಜಯನಗರಕ್ಕೆ ಅರಬ್ ಕುದುರೆ ಬರುತ್ತಿದ್ದುದೂ ಇದೇ ಸಮುದ್ರದ ಮೇಲೆ. ದಾರಿಯಲ್ಲಿ ಬಹಳ ಕುದುರೆ ಸಾಯುತ್ತಿದ್ದವು. ಸಾಳುವ ನರಸಿಂಹ ಸತ್ತ ಕುದುರೆಗೂ ಹಣ ಕೊಡುತ್ತಿದ್ದ, ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕಿತ್ತು ಅಂತ ಕುದುರೆ ವ್ಯಾಪಾರಿ ನೂನಿಸ್ ಬರೆದಿದ್ದಾನೆ. ಸತ್ತ ನಾವಿಕನ ಮನೆಗೆ ಯಾರಾದರೂ ಹೀಗೆ ಲೆಕ್ಕ ಚುಕ್ತಾ ಮಾಡಿದ್ದನ್ನು ನಾವು ಓದಿದ್ದರಲ್ಲಿ ಕಂಡಿಲ್ಲ.

ಉಗಿ ಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಗಾಳಿಗೆ ಕಾಯುವ ಕೆಲಸ ಮುಗಿಯಿತು. ಅಲ್ಲಿಂದ ಸೀಸನ್ ಅನ್ನುವುದು ಜೀವದ ಪ್ರಶ್ನೆ ಹೋಗಿ ಸುಖದ ಪ್ರಶ್ನೆಯಾಯಿತು. ಬ್ರಿಟಿಷ್ ಸರ್ಕಾರ 1864ರಿಂದ ಬೇಸಿಗೆಗೆ ಶಿಮ್ಲಾಕ್ಕೆ ಏರತೊಡಗಿತು, ಮದ್ರಾಸಿನವರು ಊಟಿಗೆ. ಕಡತದ ಪೆಟ್ಟಿಗೆ ಹೊತ್ತು ಬೆಟ್ಟ ಹತ್ತಿದವರು ಕೂಲಿಗಳು.

ಗಾಳಿ ಮಾತ್ರ ಬದಲಾಗಿಲ್ಲ. ಶ್ರೀಲಂಕಾಕ್ಕೆ ಹೋಗುವವರು ನೋಡಿ: ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಲಂಬೊ, ಗಾಲೆಯ ಕಡೆ ಸಮುದ್ರ ಶಾಂತ. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಅಲೆ, ಆಗ ಪೂರ್ವದ ಟ್ರಿಂಕೋಮಲಿ ಕಡೆ ಒಳ್ಳೆಯದು. ಒಂದು ಚಿಕ್ಕ ದ್ವೀಪಕ್ಕೇ ಎರಡು ಸೀಸನ್. ಥಾಯ್ಲೆಂಡಿನ ಫುಕೆಟ್ ಕೂಡ ನಮ್ಮ ಕರಾವಳಿಯ ಹಾಗೆ ನೈರುತ್ಯ ಗಾಳಿಗೆ ಮುಖ ಮಾಡಿದೆ. 2018ರ ಜುಲೈ 5ರಂದು ಅಲ್ಲಿ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ಮಳೆಗಾಲದ ಅಗ್ಗದ ಪ್ಯಾಕೇಜ್ ನೋಡಿದಾಗ ದೋಣಿ ಪ್ರಯಾಣ ಅದರಲ್ಲಿದೆಯೇ ಅಂತ ಒಂದು ಸಲ ಕೇಳಿ. ಹವಾಮಾನ ಕೆಟ್ಟರೆ ದುಡ್ಡು ವಾಪಸ್ ಕೊಡುತ್ತಾರಾ ಅಂತಲೂ ಕೇಳಿ. ದುಡ್ಡು ಹೋಗುತ್ತದೆ ಅಂತಲೇ ಜನ ಬೇಡದ ದಿನ ದೋಣಿ ಹತ್ತುವುದು.

ಇನ್ನು ಅಬ್ದುರ್ ರಜಾಕ್‌ನ ಅಣ್ಣನನ್ನು ಕೊಂದ ಆ ಒಮಾನ್ ಬೇಸಿಗೆ. 2022ರ ಫುಟ್‌ಬಾಲ್ ವಿಶ್ವಕಪ್ ಕತಾರ್‌ನಲ್ಲಿ ನಡೆಯಿತಲ್ಲ, ಯಾವಾಗಲೂ ಜೂನ್, ಜುಲೈನಲ್ಲಿ ನಡೆಯುವ ಆಟವನ್ನು ಸೆಕೆಗೆ ಹೆದರಿ ನವೆಂಬರ್, ಡಿಸೆಂಬರಿಗೆ ಹಾಕಿದರು. ಆಟಗಾರರಿಗೂ ನೋಡುವವರಿಗೂ ಸೀಸನ್ ಸಿಕ್ಕಿತು. ಕ್ರೀಡಾಂಗಣ ಕಟ್ಟಿದವರು ಬೇಸಿಗೆಯಲ್ಲೂ ಅಲ್ಲೇ ಇದ್ದರು. ಭಟ್ಕಳ, ಉಡುಪಿ, ಮಂಗಳೂರಿನ ಕಡೆಯಿಂದ ಕೊಲ್ಲಿ ದೇಶಕ್ಕೆ ಹೋದ ಮನೆಯ ಮಗ ಯಾವ ತಿಂಗಳು ಹೋಗಲಿ ಅಂತ ಆರಿಸುವುದಿಲ್ಲ, ವೀಸಾ ಬಂದ ತಿಂಗಳು ಹೋಗುತ್ತಾನೆ. ಈಗ ಆ ದೇಶಗಳಲ್ಲಿ ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನಿದೆ. ಒಮಾನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30, ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12.30ರಿಂದ 3. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30. ನಿಮ್ಮ ಮನೆಯವರು ಯಾರಾದರೂ ಅಲ್ಲಿದ್ದರೆ ಈ ಸಮಯ ಅವರಿಗೆ ವಾಟ್ಸಾಪ್ ಮಾಡಿ. ಕಂಪನಿಯ ಮೇಸ್ತ್ರಿ ಹೇಳದೆ ಇರಬಹುದು.